ಸಾಯದವನಿಗೆ ಕಟ್ಟಿದ ರಬ್ಬರು

ನಾವಿಬ್ಬರೂ ಆಟಕ್ಕೆ ಕೂತರೆ ಒಂದು ಪದ್ಧತಿ ಇತ್ತು. ಕಂಟ್ರೋಲರ್ ಅವನ ಕೈಯಲ್ಲಿ, ಓದುವ ಕೆಲಸ ನನ್ನದು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತು ಮೂಡುತ್ತದೆ. ನಾನು ಅದನ್ನು ಕನ್ನಡದಲ್ಲಿ ಹೇಳಬೇಕು, ನಾನು ಹೇಳಿ ಮುಗಿಸುವ ತನಕ ಅವನು ಮುಂದಿನ ಬಟನ್ ಒತ್ತುವ ಹಾಗಿಲ್ಲ. ಅವನಿಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಆದರೆ ಸಾಲು ಮಾಯವಾಗುವಷ್ಟರಲ್ಲಿ ಅವನು ಇನ್ನೂ ಮೊದಲನೇ ಪದದಲ್ಲಿರುತ್ತಿದ್ದ. ನನಗೆ ಓದಲು ಬರುತ್ತಿತ್ತು, ಕೈ ನಿಧಾನ. ನಾನು ಆಡಿದರೆ ನಾಯಕ ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇರುತ್ತಿದ್ದ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಆಟಗಾರ.

ಅವನು ಯಾದಗಿರಿ ಕಡೆಯವನು. ದೊಡ್ಡನೆಕ್ಕುಂದಿಯಲ್ಲಿ ತಗಡು ಒತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ನಾನು ಅದೇ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನವನು. ಅವನ ಪ್ರೆಸ್ಸಿನಿಂದ ಬಂದ ತುಂಡುಗಳನ್ನು ಗೇಜಿಗೆ, ಅಂದರೆ ಅಳತೆಯ ಅಚ್ಚಿಗೆ, ಹಾಕಿ ನೋಡುವುದು. ಕೂತರೆ ಪಾಸು, ಕೂರದಿದ್ದರೆ ಕೆಂಪು ಡಬ್ಬಿ. ನನ್ನ ಮನೆ ಹಲಸೂರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅವನದು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ರೂಮು, ಮೇಲೆ ಸಿಮೆಂಟ್ ಶೀಟು, ಗೋಡೆಗೆ ಹಳೆಯ ಟಿವಿ. ಶಿವಾಜಿನಗರದಿಂದ ತಂದ ಸೆಕೆಂಡ್ ಹ್ಯಾಂಡ್ ಗೇಮ್ ಪೆಟ್ಟಿಗೆ ಅದರ ಕೆಳಗೆ, ಧೂಳು ಬೀಳದಂತೆ ಒಂದು ಟವೆಲ್ ಹೊದ್ದು ಕೂತಿರುತ್ತಿತ್ತು. ಭಾನುವಾರ ನಾನು ಊಟ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ.

ನಾವು ಆಡುತ್ತಿದ್ದದ್ದು ಜಪಾನಿನ ಕಥೆಯ ಆಟಗಳು. ಗುಂಡು ಹಾರಿಸುವುದು, ಕಾರು ಓಡಿಸುವುದು ಅವನಿಗೆ ಹಿಡಿಸಲಿಲ್ಲ. ಇವುಗಳಲ್ಲಿ ಒಬ್ಬ ನಾಯಕ ಊರಿಂದ ಊರಿಗೆ ನಡೆಯುತ್ತಾನೆ. ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ನಡುನಡುವೆ ಹೊಡೆದಾಟ ಬರುತ್ತದೆ, ಅದೂ ಸರದಿಯ ಪ್ರಕಾರ, ನೀನೊಂದು ಏಟು, ನಾನೊಂದು ಏಟು. ಮಾತೇ ಹೆಚ್ಚು. ಬಾವಿಕಟ್ಟೆಯ ಹೆಂಗಸರಿಂದ ಹಿಡಿದು ಕೋಟೆಯ ಕಾವಲುಗಾರನವರೆಗೆ ಎಲ್ಲರಿಗೂ ಏನೋ ಒಂದು ಹೇಳುವುದಿರುತ್ತದೆ. ಅವನು ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಒಬ್ಬ ಮುದುಕಿಯ ಮಾತನ್ನು ನಾನು ಪುಸ್ತಕದ ಕನ್ನಡದಲ್ಲಿ ಓದಿದೆ. ಅವನು ಕಂಟ್ರೋಲರ್ ಕೆಳಗಿಟ್ಟ.

"ಯಾ ಮುದುಕಿ ಹಂಗ ಮಾತಾಡ್ತಾಳಲೇ? ನಮ್ಮವ್ವ ಅಂದಂಗ ಅನ್ನು," ಎಂದ.

ಅಂದಿನಿಂದ ಆಟದ ಮುದುಕಿಯರೆಲ್ಲ ಯಾದಗಿರಿಯ ಮಾತಾಡಿದರು. ನನಗೆ ತಪ್ಪಿದರೆ ತಿದ್ದುತ್ತಿದ್ದ. ಆ ಭಾಷೆ ನಾನು ಕಲಿತದ್ದು ಹಾಗೆ.

ಇಂಥದೇ ಒಂದು ಹೊಸ ಆಟದ ಮೊದಲ ಪ್ರಚಾರದ ವಿಡಿಯೊ ಬಂದದ್ದು ನಾವು ಹಳೆಯದನ್ನು ಮುಗಿಸಿ ಸುಮ್ಮನೆ ಕೂತಿದ್ದ ಕಾಲದಲ್ಲಿ. ನನ್ನ ಫೋನಿನಲ್ಲಿ ನೋಡಿದೆವು. ಒಂದು ಬಯಲು, ಕಾಳಗ ಮುಗಿದಿದೆ, ಹೆಣಗಳ ನಡುವೆ ಒಬ್ಬ ಬಿದ್ದಿದ್ದಾನೆ, ಕೊರಳಲ್ಲಿ ಬಾಣ. ಆಮೇಲೆ ಅವನು ಎದ್ದು ಕೂರುತ್ತಾನೆ, ಬಾಣ ಕಿತ್ತು ಪಕ್ಕಕ್ಕಿಡುತ್ತಾನೆ. ಕೆಳಗೆ ಬಂದ ಸಾಲುಗಳನ್ನು ಓದಿದೆ: ಇವನಿಗೆ ಸಾವಿಲ್ಲ, ಬಿದ್ದಾಗಲೆಲ್ಲ ಏಳುತ್ತಾನೆ, ಆದರೆ ಎದ್ದಾಗಲೆಲ್ಲ ಅವನನ್ನು ಬಲ್ಲ ಯಾರೋ ಒಬ್ಬರು ಅವನನ್ನು ಮರೆಯುತ್ತಾರೆ.

ಅವನು ಮತ್ತೆ ಹಾಕಲು ಹೇಳಿದ. ಬಾಣ ಕೀಳುವ ಜಾಗದಲ್ಲಿ ನಿಲ್ಲಿಸು ಎಂದ. ನಿಲ್ಲಿಸಿದೆ. ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದ.

"ನೋವಾಗ್ತದೇನು ಅವಗ?"

ನಾಯಕನ ಮುಖದಲ್ಲಿ ಏನೂ ಇರಲಿಲ್ಲ. ಇರಬಹುದು, ಅಭ್ಯಾಸ ಆಗಿರುತ್ತೆ ಎಂದೆ. ಅಭ್ಯಾಸ ಆದ್ರ ನೋವು ಹೋಗ್ತದೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾ ಇಡಲು ಎದ್ದ.

ಇಲ್ಲಿ ರಬ್ಬರ್ ಬ್ಯಾಂಡಿನ ವಿಷಯ ಹೇಳಬೇಕು. ಈ ಆಟಗಳಲ್ಲಿ ನಾಯಕ ಬಲಿಯಬೇಕಾದರೆ ಸಣ್ಣಪುಟ್ಟ ಶತ್ರುಗಳ ಜತೆ ಮತ್ತೆ ಮತ್ತೆ ಕಾದಾಡಬೇಕು. ಅದು ಬೇಸರದ ಕೆಲಸ. ಅವನು ಒಂದು ಉಪಾಯ ಕಂಡುಕೊಂಡಿದ್ದ. ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ಆಡಿಸುವ ಎರಡು ಪುಟ್ಟ ಕಡ್ಡಿಗಳಿಗೆ ಅಡ್ಡವಾಗಿ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ನಾಯಕ ಹುಲ್ಲುಗಾವಲಿನಲ್ಲಿ ಸುಮ್ಮನೆ ಸುತ್ತುತ್ತಿರುತ್ತಾನೆ, ಶತ್ರು ಬಂದರೆ ತನ್ನಷ್ಟಕ್ಕೇ ಹೊಡೆಯುತ್ತಾನೆ. ಇವನು ಟಿವಿಯ ಪರದೆ ಆರಿಸಿ ಡ್ಯೂಟಿಗೆ ಬರುತ್ತಿದ್ದ. ವಾಪಸು ಹೋಗುವಷ್ಟರಲ್ಲಿ ನಾಯಕ ಬಲಿತಿರುತ್ತಿದ್ದ, ಇಲ್ಲವೇ ಸತ್ತಿರುತ್ತಿದ್ದ. ಸತ್ತರೆ ಮಾಡಿದ್ದೆಲ್ಲ ಹೋಯಿತು. ಅದೊಂದೇ ಅದರ ತೊಂದರೆ.

ಹೊಸ ನಾಯಕ ಸಾಯುವುದಿಲ್ಲ ಎಂದು ತಿಳಿದ ದಿನ ಅವನಿಗೆ ಮೊದಲು ಹೊಳೆದದ್ದು ಇದೇ. ಈ ಸಲ ರಬ್ಬರ್ ಕಟ್ಟಿ ಊರಿಗೇ ಹೋಗಿ ಬರಬಹುದು, ಅವ್ವನ ಕೈಯ ರೊಟ್ಟಿ ತಿಂದು ಬರುವಷ್ಟರಲ್ಲಿ ಇಂವ ರಾಜ ಆಗಿರ್ತಾನ ಎಂದು ನಕ್ಕ. ಹಾಗಾದರೆ ಅವನನ್ನು ಬಲ್ಲವರೆಲ್ಲ ಮರೆತುಬಿಟ್ಟಿರುತ್ತಾರಲ್ಲ ಎಂದೆ. ನೀ ಒಬ್ಬ ಅದೀಯಲ್ಲ, ಹೇಳಿಕೊಡು ಅವರಿಗೆ ಎಂದ.

ಊಟದ ಬಿಡುವಿನಲ್ಲಿ ಕಾರ್ಖಾನೆಯವರಿಗೆಲ್ಲ ಈ ಉಪಾಯ ಹೇಳಿದ. ಎಲ್ಲರಿಗೂ ಇಷ್ಟವಾಯಿತು. ತಾನು ಇಲ್ಲಿ ಕೆಲಸ ಮಾಡುವಾಗ ತನ್ನ ರೂಮಿನಲ್ಲಿ ತನ್ನ ಆಳು ಕೆಲಸ ಮಾಡುತ್ತಿರುತ್ತಾನೆ ಎಂಬ ಮಾತು ಯಾರಿಗೆ ತಾನೇ ಇಷ್ಟವಾಗುವುದಿಲ್ಲ. ನಮ್ಮ ಸೂಪರ್‌ವೈಸರ್ ಕೂಡ ಊಟದ ಡಬ್ಬಿ ಹಿಡಿದುಕೊಂಡು ನಿಂತು ಕೇಳಿ ನಕ್ಕರು. ಆಮೇಲೆ ಬೆಳಗಿನ ಹೊತ್ತು ಎದುರಾದಾಗಲೆಲ್ಲ, "ಏನ್ ಗುರು, ನಿನ್ ಹೀರೋ ಡ್ಯೂಟಿಗೆ ಹೋದ್ನಾ?" ಎಂದು ಕೇಳುತ್ತಿದ್ದರು.

ನಾವು ಶಿವಾಜಿನಗರಕ್ಕೆ ಹೋಗಿ, ಆಟ ಬಂದಾಗ ನಮಗೊಂದು ಎತ್ತಿಡಲಿ ಎಂದು ಹೆಸರು ಹೇಳಿ ಬಂದೆವು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಅಂಗಡಿ. ಎಡಕ್ಕೆ ಬುರ್ಖಾ ಬಟ್ಟೆ, ಬಲಕ್ಕೆ ಗಡಿಯಾರ ರಿಪೇರಿ, ನಡುವೆ ಒಬ್ಬರು ಮಾತ್ರ ಒಳಗೆ ನಿಲ್ಲುವಷ್ಟು ಜಾಗ. ಮಾಲೀಕರಿಗೆ ನಮ್ಮಪ್ಪನ ವಯಸ್ಸು. ಸ್ವತಃ ಆಡದೆ ಯಾವ ಆಟವನ್ನೂ ಮಾರುತ್ತಿರಲಿಲ್ಲ. ಬಂದವರ ಹತ್ತಿರ ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಅವರಿಗೆ ಈ ಆಟದ ಸುದ್ದಿ ಮೊದಲೇ ಗೊತ್ತಿತ್ತು.

"ಮರ್ತಾಚ್ ನೈ ಉನೆ," ಎಂದು ಕಣ್ಣರಳಿಸಿ ಹೇಳಿದರು. ಸಾಯೋದೇ ಇಲ್ಲ ಅವನು. "ನೋಡಿ, ನಲವತ್ತು ವರ್ಷದಿಂದ ಆಡ್ತಿದೀನಿ, ಗೇಮ್ ಓವರ್ ಅಂತ ಬರದೇ ಇರೋ ಗೇಮ್ ನಾನು ನೋಡಿಲ್ಲ."

ಬಿಡುಗಡೆ ಒಮ್ಮೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ಜಪಾನಿನ ಆ ಕಂಪನಿಯವರು ಪ್ರತಿ ಸಲವೂ ತಲೆಬಾಗಿ ಕ್ಷಮೆ ಕೇಳುವ ವಿಡಿಯೊ ಹಾಕುತ್ತಿದ್ದರು. ಇನ್ನೂ ಚೆನ್ನಾಗಿ ಮಾಡಬೇಕಿದೆ, ತಾಳ್ಮೆಯಿರಲಿ ಎನ್ನುತ್ತಿದ್ದರು. ಅವನಿಗೆ ಆ ವಿಡಿಯೊಗಳೂ ಇಷ್ಟ. ತಡ ಆತು ಅಂತ ಇಷ್ಟು ಬಗ್ತಾರಲ್ಲೋ ಎನ್ನುತ್ತಿದ್ದ. ನಮ್ಮಲ್ಲಿ ತಡವಾದರೆ ಬಗ್ಗುವವರು ಬೇರೆ.

ಇನ್ನು ಮುಂದಿನದನ್ನು ಹೇಳುವಾಗ ನಾನು ಕಂಡದ್ದನ್ನೂ ಕಾಣದ್ದನ್ನೂ ಬೇರೆ ಬೇರೆ ಇಡಬೇಕು.

ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು, ನಡುವೆ ತೋಳಗಲ ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲ. ಇದೇ ಅದರ ಉದ್ದೇಶ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ದಿನಕ್ಕೆ ಇಷ್ಟು ತುಂಡು ಎಂದು ಬೋರ್ಡಿನಲ್ಲಿ ಬರೆದದ್ದು ಎರಡೂ ಕೈಯಿಂದ ಒತ್ತಿದರೆ ಆಗುವಂಥದ್ದಲ್ಲ. ಆದ್ದರಿಂದ ಎಡಗಡೆಯ ಬಟನ್ ಮೇಲೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ಬಿಗಿಯಾಗಿ ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡುತ್ತಿದ್ದರು. ಬಲಗೈ ಬಟನ್ ಒತ್ತುತ್ತದೆ, ಎಡಗೈ ತಗಡು ಇಡುತ್ತದೆ, ತೆಗೆಯುತ್ತದೆ. ಸಾಲಿನ ಎಲ್ಲ ಪ್ರೆಸ್ಸಿಗೂ ಟ್ಯೂಬು ಇತ್ತು. ನಾನು ಸೇರುವ ಮೊದಲೂ ಇತ್ತು, ಅವನು ಸೇರುವ ಮೊದಲೂ ಇತ್ತು.

ಹೊರಗಿನಿಂದ ಸುರಕ್ಷತೆ ನೋಡಲು ಯಾರಾದರೂ ಬರುವ ದಿನ ಸೂಪರ್‌ವೈಸರ್ ಬೆಳಿಗ್ಗೆಯೇ ಒಂದು ಸುತ್ತು ಬಂದು ಟ್ಯೂಬುಗಳನ್ನೆಲ್ಲ ಬಿಚ್ಚಿಸಿ ತಮ್ಮ ಮೇಜಿನ ಡ್ರಾಯರಿನಲ್ಲಿ ಹಾಕಿಕೊಳ್ಳುತ್ತಿದ್ದರು. ಬಂದವರು ಚಹಾ ಕುಡಿದು ಹೋದ ಮೇಲೆ ಒಂದೊಂದನ್ನೂ ಆಯಾ ಪ್ರೆಸ್ಸಿಗೆ ವಾಪಸು ಕೊಡುತ್ತಿದ್ದರು. ಅದಲುಬದಲಾಗಬಾರದೆಂದು ಟ್ಯೂಬಿನ ಮೇಲೆ ಬಿಳಿ ಪೆಯಿಂಟಿನಲ್ಲಿ ಮಶೀನ್ ನಂಬರು ಹಾಕಿಸಿದ್ದೂ ಅವರೇ. ತಪಾಸಣೆಯ ಮೇಜಿನಿಂದ ಆ ಡ್ರಾಯರ್ ನೇರ ಕಾಣುತ್ತದೆ. ಇದನ್ನು ನಾನು ಕಂಡಿದ್ದೇನೆ.

ಕೈ ಹೋದ ಕ್ಷಣವನ್ನು ನಾನು ಕಾಣಲಿಲ್ಲ. ಮಧ್ಯಾಹ್ನ ಊಟ ಆಗಿತ್ತು. ನಾನು ತಲೆ ತಗ್ಗಿಸಿ ತುಂಡು ನೋಡುತ್ತಿದ್ದೆ. ಪ್ರೆಸ್ಸಿನ ಸದ್ದು ಎಂದಿನಂತೆಯೇ ಇತ್ತು, ಒಂದು ಚೂರೂ ಬದಲಾಗಲಿಲ್ಲ. ಇದನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ತಗಡಿಗೂ ಬೆರಳಿಗೂ ಅದರ ಸದ್ದಿನಲ್ಲಿ ವ್ಯತ್ಯಾಸ ಇರಲಿಲ್ಲ. ನಾನು ತಲೆ ಎತ್ತಿದ್ದು ಸದ್ದು ನಿಂತಾಗ. ಅವನು ಪ್ರೆಸ್ಸಿನ ಮುಂದೆ ನಿಂತೇ ಇದ್ದ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ಕೂಗಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಪಕ್ಕದವನು ಅವನನ್ನು ಕೂರಿಸಿದ, ನಾನು ನನ್ನ ಟವೆಲ್ ಸುತ್ತಿದೆ. ಎಡಗಡೆಯ ಬಟನ್ ಮೇಲೆ ಟ್ಯೂಬು ಇತ್ತು. ಬಿಳಿ ನಂಬರು ಕಾಣುತ್ತಿತ್ತು.

ಕಾರ್ಖಾನೆಯ ವ್ಯಾನಿನಲ್ಲಿ ಇಂದಿರಾನಗರದ ಆಸ್ಪತ್ರೆಗೆ ಕರೆದೊಯ್ದೆವು. ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಹತ್ತಿರ ವಾಹನಗಳು ನಿಂತುಬಿಟ್ಟಿದ್ದವು. ಆಗ ಅವನು ಒಂದೇ ಮಾತು ಆಡಿದ, ಅವ್ವಗ ಫೋನ್ ಮಾಡಬ್ಯಾಡ ಎಂದು. ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹೆಬ್ಬೆರಳೂ ಅದರ ಪಕ್ಕದ ಎರಡೂ ಹೋದವು. ಸಂಜೆ ನಾನು ಚೀಲ ತರಲು ಕಾರ್ಖಾನೆಗೆ ಮರಳಿದಾಗ ಪ್ರೆಸ್ಸನ್ನು ಒರೆಸಿದ್ದರು. ಎಡಗಡೆಯ ಬಟನ್ ಬರಿದಾಗಿತ್ತು. ಸಾಲಿನ ಯಾವ ಪ್ರೆಸ್ಸಿನ ಮೇಲೂ ಟ್ಯೂಬು ಇರಲಿಲ್ಲ.

ಕೆಲವು ದಿನ ಬಿಟ್ಟು ವಿಚಾರಣೆ ಅಂತ ಮೇಲಿನ ಮಹಡಿಗೆ ಕರೆದರು. ಆಫೀಸಿನವರಿಬ್ಬರು, ಹೊರಗಿನಿಂದ ಬಂದ ಒಬ್ಬರು, ಟೈಪ್ ಮಾಡಲು ಒಬ್ಬಳು ಹುಡುಗಿ. ಸೂಪರ್‌ವೈಸರ್ ಗೋಡೆ ಪಕ್ಕ ಕೂತಿದ್ದರು. ನನಗಿಂತ ಮೊದಲು ಅವರು ಮಾತಾಡಿ ಮುಗಿಸಿದ್ದರು ಎಂದು ಪ್ರಶ್ನೆ ಕೇಳಿದಾಗ ತಿಳಿಯಿತು.

ಹೊರಗಿನಿಂದ ಬಂದವರು ಒಳ್ಳೆಯ ಮಾತಿನವರು. ಕೂತ್ಕೊಳ್ಳಿ ಅಂದರು. ಅವನು ನಿಮ್ಮ ಸ್ನೇಹಿತನಂತೆ, ಅವನ ರೂಮಿಗೆ ಹೋಗ್ತಾ ಇರ್ತೀರಂತೆ ಎಂದರು. ಹೌದೆಂದೆ.

"ವಿಡಿಯೊ ಗೇಮ್ ಆಡ್ತಾನಾ?"

"ಆಡ್ತಾನೆ ಸರ್."

"ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ತಾನು ಮುಟ್ಟದೆ ಅದೇ ಓಡೋ ಹಾಗೆ ಮಾಡ್ತಾನೆ ಅಂತಾರೆ. ನೀವು ನೋಡಿದೀರಾ?"

ನಾನು ಸೂಪರ್‌ವೈಸರ್ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ನೋಡಿದ್ದೇನೆ ಎಂದೆ. ಹುಡುಗಿ ಟೈಪ್ ಮಾಡಿದಳು. ಆಮೇಲೆ ಅವರು ಕೇಳದೆಯೇ ನಾನು ಹೇಳಿದೆ: ಪ್ರೆಸ್ಸಿನ ಟ್ಯೂಬು ಅವನು ತಂದದ್ದಲ್ಲ, ಎಲ್ಲ ಪ್ರೆಸ್ಸಿಗೂ ಇತ್ತು, ನಂಬರ್ ಹಾಕಿಸಿದ್ದು ಈ ಸೂಪರ್‌ವೈಸರ್, ಇಡುತ್ತಿದ್ದದ್ದು ಇವರ ಡ್ರಾಯರಿನಲ್ಲಿ, ನನ್ನ ಮೇಜಿನಿಂದ ಕಾಣುತ್ತದೆ. ನಿಧಾನವಾಗಿ, ಒಂದಾದ ಮೇಲೊಂದು ಹೇಳಿದೆ. ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ಇದ್ದವು. ಟೈಪ್ ಮಾಡ್ಲಾ ಸರ್ ಎಂಬಂತೆ ಆಫೀಸಿನವರ ಮುಖ ನೋಡಿದಳು. ಅವರು, ಅದು ಬೇರೆ ವಿಷಯ, ಅದಕ್ಕೆ ಬೇರೆ ಕಮಿಟಿ ಇದೆ, ಇವತ್ತಿನದು ಈ ಘಟನೆ ಮಾತ್ರ ಎಂದರು. ನಾನು ಇದೂ ಈ ಘಟನೆಯೇ ಎಂದೆ. ಹೊರಗಿನಿಂದ ಬಂದವರು ತಲೆಯಾಡಿಸಿ, ಗಮನಕ್ಕೆ ತಗೊಂಡಿದೀವಿ ಎಂದರು. ನಾನು ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಗಮನಕ್ಕೆ ತೆಗೆದುಕೊಂಡರು.

ಅವನಿಗೆ ಹೋದದ್ದು ಯಾವ ಕೈ ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಅದು ನನಗೆ ಹೊಳೆಯಿತು.

ತೀರ್ಮಾನ ಬೇಗ ಬಂತು. ಸುರಕ್ಷತೆಯ ಸಾಧನವನ್ನು ಕಾರ್ಮಿಕ ತಾನಾಗಿಯೇ ನಿಷ್ಕ್ರಿಯಗೊಳಿಸಿದ್ದಾನೆ. ಇಂಥ ಅಭ್ಯಾಸ ಅವನಿಗೆ ಮನೆಯಲ್ಲೂ ಇತ್ತೆಂದು ಸಹೋದ್ಯೋಗಿ ಒಪ್ಪಿದ್ದಾನೆ. ಆ ಸಹೋದ್ಯೋಗಿ ನಾನು. ಅಂದರೆ ಕಾರ್ಖಾನೆಯ ಪ್ರಕಾರ ಅವನ ಬೆರಳುಗಳನ್ನು ತೆಗೆದದ್ದು ಅವನೇ, ಅವನ ಆಟದ ಗೀಳು. ಅವನನ್ನು ಸ್ವಲ್ಪ ಕಾಲ ಗೇಟಿನ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಬರುವ ಲಾರಿಗಳಿಗೆ ಸರಪಳಿ ಇಳಿಸುವುದು ಕೆಲಸ. ಆಮೇಲೆ ಅದಕ್ಕೂ ಬೇರೆಯವರು ಬಂದರು.

ಇದರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ ಎಂಬುದು ನನಗೆ ಇಂದಿಗೂ ನುಂಗಲಾಗದ ಸಂಗತಿ. ರಬ್ಬರ್ ಬ್ಯಾಂಡಿನ ಬಗ್ಗೆ ಸೂಪರ್‌ವೈಸರ್ ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ನಿಜವನ್ನೇ ಆರಿಸಿ ಆರಿಸಿ ಇಟ್ಟರು. ನಾನು ದಿನವಿಡೀ ಮಾಡುವ ಕೆಲಸವೂ ಅಂಥದ್ದೇ. ಗೇಜಿಗೆ ಕೂತದ್ದು ಪಾಸು, ಕೂರದ್ದು ಕೆಂಪು ಡಬ್ಬಿ.

ಆ ತೀರ್ಮಾನವನ್ನು ಅವನಿಗೆ ನಾನೇ ಹೇಳಿದೆ. ರೂಮಿನಲ್ಲಿ ಗೋಡೆಗೊರಗಿ ಕೂತಿದ್ದ. ಕೈಯ ಕಟ್ಟು ಸಣ್ಣದಾಗಿತ್ತು.

"ನೀ ಹೌದಂದಿ?"

"ರಬ್ಬರ್ ಬ್ಯಾಂಡಿಗೆ ಹೌದು ಅಂದೆ. ಟ್ಯೂಬಿಂದು ಎಲ್ಲಾ ಹೇಳ್ದೆ. ಅದನ್ನ ಹಾಕ್ಕೊಳ್ಳಲಿಲ್ಲ."

ಆಟದಾಗ ಕಟ್ಟಿದ್ದಕ್ಕ ಇಲ್ಲಿ ಹಿಡದರು ಅಂದಂಗಾತು ಎಂದ. ಆಮೇಲೆ, ಮನಿಗಿ ಹೋಗು ಎಂದ. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಆಮೇಲೆ ಬಹಳ ಭಾನುವಾರ ನಾನು ಹೋಗಲಿಲ್ಲ. ಅವನು ಕೆ.ಆರ್. ಪುರದಲ್ಲಿ ಒಂದು ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಬ್ಯಾಗುಗಳಿಗೆ ಚೀಟಿ ಕೊಡುವ ಕೆಲಸಕ್ಕೆ ಸೇರಿದ ಎಂದು ಬೇರೆಯವರಿಂದ ತಿಳಿಯಿತು. ಅವನ ಪ್ರೆಸ್ಸಿಗೆ ಹೊಸಬ ಬಂದ. ಒಳ್ಳೆಯವನು, ಕೈ ಚುರುಕು. ಸ್ವಲ್ಪ ಕಾಲ ಎರಡು ಕೈಯಿಂದಲೂ ಒತ್ತಿದ. ಒಂದು ಬೆಳಿಗ್ಗೆ ನಾನು ಬಂದಾಗ ಎಡಗಡೆಯ ಬಟನ್ ಮೇಲೆ ಟ್ಯೂಬು ಇತ್ತು. ಅದೇ ಬಿಳಿ ನಂಬರು. ನಾನು ಆ ಹೊಸಬನ ಹತ್ತಿರ ಹೋಗಿ ಇದರ ಕಥೆ ಹೇಳಿದೆ. ಅವನು ಗೌರವದಿಂದ ಕೇಳಿ, ಹೌದಣ್ಣಾ, ಆ ಹುಚ್ಚು ಗೇಮ್ ಆಡೋನ ಕಥೆ ತಾನೆ, ಸರ್ ಹೇಳಿದ್ರು ಎಂದ.

ಆಟದ ಎರಡನೇ ವಿಡಿಯೊ ಆ ದಿನಗಳಲ್ಲೇ ಬಂತು. ಅದರಲ್ಲಿ ನಾಯಕನ ತೋಳು ಕತ್ತರಿಸಿ ಬೀಳುತ್ತದೆ. ಮುಂದಿನ ದೃಶ್ಯದಲ್ಲಿ ಅದೇ ತೋಳಿನಿಂದ ದೋಣಿ ನಡೆಸುತ್ತಿರುತ್ತಾನೆ. ನಾನು ಅದನ್ನು ಗೆಳೆಯನಿಗೆ ಕಳಿಸಲಿಲ್ಲ. ಅವನೇ ಕಳಿಸಿದ. ಕೆಳಗೆ ಏನೂ ಬರೆದಿರಲಿಲ್ಲ.

ಬಿಡುಗಡೆಯ ದಿನ ಗೊತ್ತಾದಾಗ ನಾನು ಫೋನ್ ಮಾಡಿದೆ. ತರಲಾ ಎಂದು ಕೇಳಿದೆ. ಹೆಸರು ಹೇಳಿ ಬಂದೀವಲ್ಲ, ಬಿಡಾಕ್ ಬರ್ತದೇನು ಎಂದ. ಆಡೋದು ಹೇಗೆ ಎಂದು ನಾನು ಕೇಳಲಿಲ್ಲ. ಆ ಆಟಗಳಲ್ಲಿ ನಾಯಕನನ್ನು ನಡೆಸುವುದು ಎಡಗೈಯ ಹೆಬ್ಬೆರಳು. ಮಿಕ್ಕ ಬೆರಳುಗಳು ಬೇರೆಲ್ಲವನ್ನೂ ಮಾಡುತ್ತವೆ, ನಡೆಸುವುದು ಅದೊಂದೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಶಿವಾಜಿನಗರದಲ್ಲಿ ಅಂಗಡಿಯವರು ನನ್ನ ಹಿಂದೆ ಗಲ್ಲಿಯಲ್ಲಿ ಕಣ್ಣಾಡಿಸಿದರು. ಆಡೋರು ಎಲ್ಲಿ ಎಂದರು. ಹೇಳಿದೆ. ಅಯ್ಯೋ ಅನ್ನಲಿಲ್ಲ, ಹೇಗಾಯ್ತು ಅನ್ನಲಿಲ್ಲ.

"ಕೌನ್‌ಸಾ ಹಾತ್?" ಎಂದು ಕೇಳಿದರು. ಯಾವ ಕೈ.

ಎಡಗೈ ಎಂದೆ. ಹೆಬ್ಬೆರಳೂನಾ ಎಂದರು. ಹೌದೆಂದೆ. ಅವರು ತಮ್ಮ ಎಡಗೈಯ ಹೆಬ್ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಅದನ್ನೇ ನೋಡಿದರು. ಚಲ್ನೇಕಾ ಹಾತ್, ನಡೆಯೋ ಕೈ ಎಂದು ತಮಗೆ ತಾವೇ ಅಂದುಕೊಂಡರು. ಆಟದ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕದೆ, ಬಟ್ಟೆಯ ಚೀಲ ಹುಡುಕಿ ಅದರಲ್ಲಿಟ್ಟು ಕೊಟ್ಟರು.

ರೂಮು ಬದಲಾಗಿರಲಿಲ್ಲ. ಪೆಟ್ಟಿಗೆಯ ಮೇಲಿನ ಟವೆಲ್ಲಿಗೆ ಧೂಳು ಕೂತಿತ್ತು. ಅವನು ಅದನ್ನು ಬಾಗಿಲ ಹೊರಗೆ ಕೊಡವಿ ಬಂದು, ತನ್ನ ಜಾಗದಲ್ಲಿ ಕೂತ. ನಾನು ನನ್ನ ಜಾಗದಲ್ಲಿ ಕೂತೆ. ಅವನು ಕಂಟ್ರೋಲರ್ ಎತ್ತಿಕೊಂಡು ಎಡ ತುದಿಯನ್ನು ಹೊಟ್ಟೆಗೆ ಒತ್ತಿ ಹಿಡಿದ. ಉಳಿದ ಎರಡು ಬೆರಳನ್ನು ಮೇಲಿಂದ ಬಾಗಿಸಿ, ಅಂಗೈಯ ಅಂಚನ್ನು ಕಡ್ಡಿಯ ಮೇಲಿಟ್ಟ. ಅಭ್ಯಾಸ ಮಾಡಿಕೊಂಡಿದ್ದಾನೆ ಎಂದು ತಿಳಿಯಿತು.

ಆಟ ಶುರುವಾಗುವ ಮೊದಲು ಕೆಲವು ಪ್ರಶ್ನೆ ಕೇಳಿತು. ಅಕ್ಷರ ದೊಡ್ಡದು ಬೇಕೇ, ಸದ್ದು ಎಷ್ಟಿರಲಿ. ಒಂದೊಂದನ್ನೂ ಓದಿದೆ. ಮುಂದಿನದನ್ನು ಓದಲು ಹೋಗಿ ನಿಂತೆ.

"ಏನಂತ?"

"ಒಂದೇ ಕೈಯಲ್ಲಿ ಆಡೋರಿಗೆ ಬೇರೆ ಏರ್ಪಾಡು ಇದೆಯಂತೆ. ಯಾವ ಕೈಯಲ್ಲಿ ಆಡ್ತೀರಾ ಅಂತ ಕೇಳ್ತಿದೆ."

"ಯಾ ಕೈ ಅಂತ ಕೇಳ್ತದ?"

"ಹೌದು."

ಅವನು ಪರದೆಯನ್ನೇ ನೋಡಿದ. "ಜಪಾನಿನಾಗ ಕುಂತವರಿಗಿ ಹ್ಯಾಂಗ ಗೊತ್ತಾತಲೇ," ಎಂದ.

ಅದರ ಕೆಳಗೆ ಇನ್ನೊಂದಿತ್ತು. ಓದದೆ ಬಿಡಬಹುದಿತ್ತು, ಆದರೆ ನಮ್ಮ ಪದ್ಧತಿಯಲ್ಲಿ ಬಿಡುವುದಿರಲಿಲ್ಲ. ಬೇಕಿದ್ದರೆ ಸಣ್ಣ ಕಾಳಗಗಳನ್ನು ನಾಯಕ ತಾನೇ ಮಾಡಿಕೊಳ್ಳುತ್ತಾನೆ, ನೀವು ಕೈ ತೆಗೆದು ವಿಶ್ರಾಂತಿ ತೆಗೆದುಕೊಳ್ಳಬಹುದು ಎಂದಿತ್ತು. ರಬ್ಬರ್ ಬ್ಯಾಂಡ್ ಮಾಡುತ್ತಿದ್ದ ಕೆಲಸ. ಓದಿದೆ. ಅವನು ನಕ್ಕ. ಆ ನಗು ನನಗೆ ಬೇಡವಾಗಿತ್ತು.

ಎರಡಕ್ಕೂ ಇಲ್ಲ ಅನ್ನು ಎಂದ. ಮೊದಲಿನಂಗ ನೋಡಮ್.

ನಾಯಕ ಒಂದು ಹೊಳೆಯ ದಡದಲ್ಲಿ ಎದ್ದ. ಅವನನ್ನು ಬಲ್ಲವರು ಆ ದಡದ ಹಳ್ಳಿಯಲ್ಲಿದ್ದರು: ದೋಣಿಯವನು, ಕಮ್ಮಾರ, ಇಬ್ಬರು ಮಕ್ಕಳು, ಒಬ್ಬ ಮುದುಕಿ. ಎಲ್ಲರೂ ಅವನನ್ನು ಕಂಡು ಮಾತಾಡಿದರು. ನಾನು ಓದಿದೆ. ಮುದುಕಿ ಅವನಿಗೆ ಉಂಡಿಯೇನೋ ಎಂದು ಕೇಳಿದಳು. ಆಚೆ ದಡದಲ್ಲಿ ಸಂತೆ, ಎಲ್ಲರೂ ಅತ್ತ ಹೋಗುತ್ತಾರೆ, ಅಲ್ಲಿ ಸಿಗೋಣ ಎಂದರು. ಇವನು ಕಿರಿದಾದ ಸೇತುವೆ ದಾಟಬೇಕು. ಸೇತುವೆಗೆ ಕಟಕಟೆ ಇರಲಿಲ್ಲ.

ಅಂಗೈಯ ಅಂಚಿಗೆ ಹೆಬ್ಬೆರಳಿನ ನಯ ಇಲ್ಲ. ನಾಯಕ ನಡುವೆ ಬಂದು ಎಡಕ್ಕೆ ವಾಲಿ ಹೊಳೆಗೆ ಬಿದ್ದ. ದಡದಲ್ಲಿ ಎದ್ದ. ಪರದೆಯ ಮೇಲೆ ಸಾಲು ಬಂತು: ದೋಣಿಯವನು ಅವನನ್ನು ಮರೆತ. ಓದಿದೆ. ಮತ್ತೆ ನಡೆಸಿದ. ಮತ್ತೆ ಬಿದ್ದ. ಕಮ್ಮಾರ ಮರೆತ. ಓದಿದೆ. ಅವನು ಆತುರಪಡಲಿಲ್ಲ, ಬಯ್ಯಲಿಲ್ಲ. ಹಣೆ ಬೆವರಿತ್ತು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಮರೆತರು.

ಇಷ್ಟರಲ್ಲಿ ಅವನು ಪರದೆಯಿಂದ ಕಣ್ಣು ತೆಗೆಯದೆ, "ನನ್ನ ಪ್ರೆಸ್ಸಿನ ಮ್ಯಾಲ ಯಾರರ ಅದಾರೇನು ಈಗ?" ಎಂದು ಕೇಳಿದ.

"ಹೊಸಬ ಇದಾನೆ."

"ಟ್ಯೂಬು?"

"ಇದೆ."

"ಅವಗ ನಾ ಯಾರಂತ ಗೊತ್ತದೇನು?"

ನಾಯಕ ಮತ್ತೆ ಬಿದ್ದ. ಈ ಸಲ ಬಂದ ಸಾಲನ್ನು ನಾನು ಓದಲಿಲ್ಲ. ಅವನು ಮುಂದಿನ ಬಟನ್ ಒತ್ತಲಿಲ್ಲ. ಸಾಲು ಹಾಗೇ ನಿಂತಿತ್ತು. ಹೊರಗೆ ಯಾರೋ ನಲ್ಲಿಯ ಕೆಳಗೆ ಕೊಡ ಇಟ್ಟು ಹೋಗಿದ್ದರು, ಅದು ತುಂಬುವ ಸದ್ದು ಕೇಳುತ್ತಿತ್ತು.

ಕಡೆಗೆ ಅವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟ. ಬಲಗೈಯಿಂದ ಎಡಗೈಯನ್ನು ಒರೆಸಿಕೊಂಡ.

"ಆ ಪ್ರಶ್ನೆ ಮತ್ತ ತೆಗಿ. ಬಲಗೈ ಅನ್ನು," ಎಂದ.

ಕಂಟ್ರೋಲರ್ ಇಸಿದುಕೊಂಡು ತೆಗೆದೆ. ಅಂದೆ. ಇನ್ನೊಂದು ಪ್ರಶ್ನೆಗೆ ಇಲ್ಲವೆಂದೇ ಉಳಿಸಿದ. ಅಲ್ಲಿಂದ ನಾಯಕ ನೆಟ್ಟಗೆ ನಡೆದ. ಸೇತುವೆ ಎಷ್ಟು ಚಿಕ್ಕದೆಂದು ಆಗ ತಿಳಿಯಿತು. ಆಚೆ ದಡದಲ್ಲಿ ಸಂತೆ ಕೂಡಿತ್ತು. ದೋಣಿಯವನು, ಕಮ್ಮಾರ, ಮಕ್ಕಳು ಎಲ್ಲರೂ ಇದ್ದರು, ಇವನನ್ನು ದಾಟಿಕೊಂಡು ಹೋದರು. ಅವನು ಎಂದಿನಂತೆ ಒಬ್ಬರನ್ನೂ ಬಿಡದೆ ಮಾತಾಡಿಸಿದ. ಕೊನೆಗೆ ಮುದುಕಿಯ ಮುಂದೆ ಬಂದು ನಿಂತ. ಪರದೆಯ ಕೆಳಗೆ ಅವಳ ಮಾತು ಮೂಡಿತು. ಓದಿ ಮುಗಿಸುವ ತನಕ ಅವನು ಒತ್ತುವ ಹಾಗಿಲ್ಲ. ಕಾದ.

ನಾನು ಅವನ ಅವ್ವ ಅಂದಂಗ ಅಂದೆ.

"ಯಾರಪಾ ನೀ? ಯಾ ಊರಾಂವ?"